ಎದೆಯುರಿಗೆ ಆಪರೇಷನ್: ಒಪ್ಪಿಕೊಳ್ಳುವ ಮೊದಲು ಖಚಿತವಾಗಬೇಕಾದ ಸಂಗತಿಗಳು

(ಸಾರ್ವಜನಿಕ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಎದೆಯುರಿಗೆ ಆಪರೇಷನ್ ಮಾಡಿಸಲೇ ಎಂದು ಕೇಳುವವರಲ್ಲಿ ಎರಡು ಬಗೆ. "ಮಾತ್ರೆ ನುಂಗಿದರೆ ಆರಾಮ, ಬಿಟ್ಟರೆ ಮತ್ತೆ ಶುರು. ಜೀವನಪೂರ್ತಿ ನುಂಗುವುದಕ್ಕೆ ಮನಸ್ಸಿಲ್ಲ" ಅನ್ನುವವರು ಒಂದು ಬಗೆ. "ಯಾವ ಮಾತ್ರೆಗೂ ಬಗ್ಗುತ್ತಿಲ್ಲ, ಇನ್ನು ಆಪರೇಷನ್ನೇ ಗತಿ" ಅನ್ನುವವರು ಇನ್ನೊಂದು ಬಗೆ. ಮೇಲ್ನೋಟಕ್ಕೆ ಎರಡನೆಯವರಿಗೇ ಆಪರೇಷನ್ ಹೆಚ್ಚು ಅಗತ್ಯ ಅನ್ನಿಸುತ್ತದೆ. ಆದರೆ ಆಪರೇಷನ್ ಚೆನ್ನಾಗಿ ಫಲ ಕೊಡುವುದು ಸಾಮಾನ್ಯವಾಗಿ ಮೊದಲನೆಯವರಿಗೆ. ಮಾತ್ರೆಗೆ ಉರಿ ತಗ್ಗುತ್ತದೆ ಅಂದರೆ ಆ ಉರಿಗೆ ಆಸಿಡ್ಡೇ ಕಾರಣ ಅನ್ನುವುದಕ್ಕೆ ಅದೊಂದು ಸುಳಿವು. ಯಾವ ಮಾತ್ರೆಗೂ ಚೂರೂ ಬಗ್ಗದ ಉರಿಯಾದರೆ, ಅದು ಆಸಿಡ್ಡಿನದೇನಾ ಎಂಬುದೇ ಮೊದಲ ಪ್ರಶ್ನೆ. ಆಪರೇಷನ್ ರಿಪೇರಿ ಮಾಡುವುದು ಒಂದು ಕವಾಟವನ್ನು. ಉರಿಗೆ ಕಾರಣ ಆ ಕವಾಟ ಅಲ್ಲದಿದ್ದರೆ ರಿಪೇರಿ ಎಷ್ಟೇ ಚೊಕ್ಕವಾಗಿದ್ದರೂ ಉರಿ ಹಾಗೇ ಉಳಿಯುತ್ತದೆ, ಅದರ ಮೇಲೆ ಆಪರೇಷನ್ನಿನ ಅಡ್ಡಪರಿಣಾಮಗಳೂ ಸೇರಿಕೊಳ್ಳುತ್ತವೆ.

ಆ ಕವಾಟ ಏನು ಅಂತ ನೋಡೋಣ. ಅನ್ನನಾಳ ಎದೆಯಿಂದ ಇಳಿದು, ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪದರವಾದ ವಪೆಯ ಒಂದು ಕಿಂಡಿಯ ಮೂಲಕ ಹೊಟ್ಟೆಗೆ ಬಂದು, ಜಠರವನ್ನು ಸೇರುತ್ತದೆ. ಆ ಸೇರುವ ಜಾಗದಲ್ಲಿ ಮೂರು ಕಾವಲುಗಳಿವೆ, ಮೂರೂ ಸೇರಿದ್ದೇ ಆ ಕವಾಟ. ಅನ್ನನಾಳದ ತುದಿಯ ಮೂರು–ನಾಲ್ಕು ಸೆಂಟಿಮೀಟರ್ ಉದ್ದದ ಸ್ನಾಯು ಸದಾ ಬಿಗಿಯಾಗಿದ್ದು, ನುಂಗುವಾಗ ಮಾತ್ರ ಸಡಿಲವಾಗುತ್ತದೆ. ವಪೆಯ ಸ್ನಾಯುಗಳು ಅದನ್ನು ಹೊರಗಿನಿಂದ ಹಿಡಿಯುತ್ತವೆ. ಕೆಮ್ಮಿದಾಗ, ಬಗ್ಗಿದಾಗ, ಭಾರ ಎತ್ತಿದಾಗ ಕೆಲಸಕ್ಕೆ ಬರುವುದು ಮುಖ್ಯವಾಗಿ ಈ ಹಿಡಿತವೇ. ಅನ್ನನಾಳ ಜಠರಕ್ಕೆ ಓರೆಯಾಗಿ ಸೇರುವುದರಿಂದ ಜಠರ ತುಂಬಿದಾಗ ಅದರ ಮೇಲ್ಭಾಗ ಒತ್ತಿ ದಾರಿ ಮುಚ್ಚುತ್ತದಲ್ಲ, ಅದು ಮೂರನೆಯದು. ವಪೆಯ ಕಿಂಡಿ ಅಗಲವಾಗಿ ಜಠರದ ಒಂದು ಭಾಗ ಎದೆಗೆ ಏರಿಬಿಟ್ಟರೆ ಅದು ಹಯಾಟಸ್ ಹರ್ನಿಯಾ. ಆಗ ಈ ಮೂರೂ ಬೇರೆ ಬೇರೆ ಎತ್ತರದಲ್ಲಿ ನಿಂತುಬಿಡುತ್ತವೆ, ಒಟ್ಟಾಗಿ ಕೆಲಸ ಮಾಡುವುದಿಲ್ಲ.

ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್ ಮುಂತಾದ ಮಾತ್ರೆಗಳು ಈ ಮೂರರಲ್ಲಿ ಒಂದನ್ನೂ ಮುಟ್ಟುವುದಿಲ್ಲ. ಜಠರದಲ್ಲಿ ಆಸಿಡ್ ಉತ್ಪತ್ತಿಯನ್ನು ತಗ್ಗಿಸುತ್ತವೆ, ಅಷ್ಟೇ. ಮೇಲಕ್ಕೆ ಬರುವುದು ಬರುತ್ತಲೇ ಇರುತ್ತದೆ, ಅದರ ಹುಳಿ ಕಡಿಮೆ. ಹಾಗಾಗಿ ಮಾತ್ರೆ ತಿಂದಮೇಲೆ ಉರಿ ಹೋಗಿದ್ದರೂ, ಬಗ್ಗಿದರೆ ಉಂಡದ್ದು ಬಾಯಿಗೆ ಬರುವುದು, ರಾತ್ರಿ ಮಲಗಿದಾಗ ಗಂಟಲಿಗೆ ನೀರು ನುಗ್ಗಿ ಎಚ್ಚರವಾಗುವುದು ಮುಂದುವರಿಯಬಹುದು. ಹೀಗೆ ಜಠರದಲ್ಲಿರುವುದು ಅನ್ನನಾಳಕ್ಕೆ ಮರಳಿ ಏರುವುದೇ ರಿಫ್ಲಕ್ಸ್. ಪರೀಕ್ಷೆಯಲ್ಲೂ ಅದು ಸಾಬೀತಾಗಿರುವ ಇಂಥವರು ಆಪರೇಷನ್ನಿಗೆ ಬಹಳ ಹೊಂದುವ ಗುಂಪು.

ಮಾತ್ರೆ ಸರಿಯಾಗಿ ನುಂಗಿದ್ದೀರಾ?

ಈ ಪ್ರಶ್ನೆಯನ್ನು ಯಾರೂ ಹಗುರವಾಗಿ ತಗೊಳ್ಳಬಾರದು. ಈ ಮಾತ್ರೆಗಳು ರಕ್ತದಲ್ಲಿ ಉಳಿಯುವುದು ಕೆಲವೇ ಗಂಟೆ, ತಡೆಯುವುದು ಆ ಹೊತ್ತಿಗೆ ಕೆಲಸದಲ್ಲಿರುವ ಆಸಿಡ್ ಪಂಪುಗಳನ್ನು ಮಾತ್ರ. ಪಂಪುಗಳು ಕೆಲಸಕ್ಕೆ ಇಳಿಯುವುದು ಊಟ ಮಾಡಿದಾಗ. ಆದ್ದರಿಂದ ಬೆಳಗಿನ ತಿಂಡಿಗೆ 30ರಿಂದ 60 ನಿಮಿಷ ಮುಂಚೆ ನುಂಗಬೇಕು. ಎರಡನೆಯ ಮಾತ್ರೆ ಇದ್ದರೆ ರಾತ್ರಿ ಊಟಕ್ಕೆ ಅಷ್ಟೇ ಮುಂಚೆ. ಮಲಗುವಾಗ ನುಂಗುವುದು, ಉರಿ ಬಂದ ದಿನ ಮಾತ್ರ ನುಂಗುವುದು, ಕ್ಯಾಪ್ಸೂಲ್ ಒಳಗಿನ ಕಾಳುಗಳನ್ನು ಅಗಿಯುವುದು: ಈ ಮೂರು ತಪ್ಪಿನಿಂದಲೇ "ಮಾತ್ರೆ ಕೆಲಸ ಮಾಡಲಿಲ್ಲ" ಎಂಬ ತೀರ್ಮಾನಕ್ಕೆ ಬಂದವರು ಬಹಳ. ವೊನೊಪ್ರಜಾನ್‌ನಂಥ ಹೊಸ ಬಗೆಯ ಮಾತ್ರೆಗಳಿಗೆ ಊಟದ ಲೆಕ್ಕ ಇಲ್ಲ.

ಇದು ಎಷ್ಟು ದೊಡ್ಡ ವಿಷಯ ಅನ್ನುವುದಕ್ಕೆ 2019ರಲ್ಲಿ ಪ್ರಕಟವಾದ ಒಂದು ಅಧ್ಯಯನ ಸಾಕು. ಅಮೆರಿಕದಲ್ಲಿ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ನಡೆದದ್ದು. ಮಾತ್ರೆಗೆ ಬಗ್ಗದ ಎದೆಯುರಿ ಅಂತ ಕಳಿಸಿಕೊಟ್ಟಿದ್ದ 366 ಜನರನ್ನು ತೆಗೆದುಕೊಂಡರು. ಮೊದಲ ಹೆಜ್ಜೆಯಾಗಿ ಒಮೆಪ್ರಜೋಲ್ 20 ಮಿಲಿಗ್ರಾಂ ದಿನಕ್ಕೆ ಎರಡು ಸಲ, ಸರಿಯಾದ ಹೊತ್ತಿಗೆ, ಎರಡು ವಾರ ಕೊಟ್ಟರು. 42 ಜನರಿಗೆ ಅಷ್ಟರಲ್ಲೇ ಗುಣ ಕಂಡಿತು. ಪರೀಕ್ಷೆಗಳು ಮುಗಿದಾಗ 99 ಜನರ ಉರಿಗೆ ರಿಫ್ಲಕ್ಸ್ ಕಾರಣವೇ ಅಲ್ಲ ಅಂತ ಗೊತ್ತಾಯಿತು. 23 ಜನರಿಗೆ ಅನ್ನನಾಳದ ಬೇರೆ ಕಾಯಿಲೆ ಇತ್ತು. ಬೇರೆ ಕಾರಣಕ್ಕೆ ಕೈಬಿಟ್ಟವರೂ ಹಲವರು. ಜರಡಿ ಹಿಡಿದು ಹಿಡಿದು ಕೊನೆಗೆ ಉಳಿದವರು 78. ಅವರಲ್ಲಿ ಆಪರೇಷನ್ ಆದವರ ಪೈಕಿ ಒಂದು ವರ್ಷದ ನಂತರ ಗುಣ ಕಂಡವರು ಶೇ. 67. ಮಾತ್ರೆಗೆ ಇನ್ನಷ್ಟು ಔಷಧ ಸೇರಿಸಿಕೊಂಡವರಲ್ಲಿ ಶೇ. 28. ಇದ್ದ ಮಾತ್ರೆಯನ್ನೇ ಮುಂದುವರಿಸಿದವರಲ್ಲಿ ಶೇ. 12. ಈ ಲೆಕ್ಕವನ್ನು ಎರಡು ಕಡೆಯಿಂದಲೂ ಓದಬೇಕು. ಸರಿಯಾಗಿ ಆಯ್ದವರಿಗೆ ಆಪರೇಷನ್ ಮಾತ್ರೆಗಿಂತ ಬಹಳ ಮೇಲು. ಆದರೆ 366ರಲ್ಲಿ ಆ ಆಯ್ಕೆಗೆ ಸಿಕ್ಕವರು ನಾಲ್ಕರಲ್ಲಿ ಒಬ್ಬರೂ ಇಲ್ಲ.

ಇನ್ನೊಂದು ಮಾತು. ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದ ಮೂರನೇ ದಿನ ಉರಿ ಬಂತು ಅಂದಮಾತ್ರಕ್ಕೆ ಕಾಯಿಲೆ ಹಾಗೇ ಇದೆ ಅಂತಲ್ಲ. ತಿಂಗಳುಗಟ್ಟಲೆ ತಡೆಹಿಡಿದ ಜಠರ, ತಡೆ ತೆಗೆದಕೂಡಲೇ ಕೆಲವು ವಾರ ಮೊದಲಿಗಿಂತ ಜಾಸ್ತಿ ಆಸಿಡ್ ಸುರಿಸುತ್ತದೆ. ಅಂಥವರು ಡೋಸ್ ಅನ್ನು ಹಂತಹಂತವಾಗಿ ಇಳಿಸಿ ನೋಡಬೇಕು. ತೂಕ ಹೆಚ್ಚಿರುವವರು ಇಳಿಸಿಕೊಳ್ಳುವುದು, ಊಟಕ್ಕೂ ಮಲಗುವುದಕ್ಕೂ ಮೂರು ಗಂಟೆ ಅಂತರ, ಮಂಚದ ತಲೆಭಾಗದ ಕಾಲುಗಳಿಗೆ 15–20 ಸೆಂಟಿಮೀಟರ್ ಎತ್ತರ ಕೊಡುವುದು, ಎಡಮಗ್ಗುಲಲ್ಲಿ ಮಲಗುವುದು ಇವೆಲ್ಲ ನಿಜವಾಗಿ ಕೆಲಸ ಮಾಡುತ್ತವೆ. ಬರೀ ದಿಂಬು ಏರಿಸಿದರೆ ಸೊಂಟ ಮಡಚಿ ಹೊಟ್ಟೆ ಒತ್ತುತ್ತದೆ, ಉಪಯೋಗವಿಲ್ಲ.

ಮೂರು ಪರೀಕ್ಷೆ, ಮೂರಕ್ಕೂ ಬೇರೆ ಕೆಲಸ

ಎಂಡೋಸ್ಕೋಪಿ ಎಲ್ಲರಿಗೂ ಗೊತ್ತು. ಅನ್ನನಾಳದಲ್ಲಿ ಹುಣ್ಣು ಇದ್ದರೆ ಅದರ ತೀವ್ರತೆಯನ್ನು ಎ, ಬಿ, ಸಿ, ಡಿ ಎಂದು ದರ್ಜೆ ಮಾಡುತ್ತಾರೆ. ಬಿ ಅಥವಾ ಅದಕ್ಕಿಂತ ತೀವ್ರವಾದ ದರ್ಜೆ, ಆಸಿಡ್ಡಿನಿಂದ ಅನ್ನನಾಳ ಕಿರಿದಾಗಿರುವುದು, ಬಯಾಪ್ಸಿಯಲ್ಲಿ ಖಚಿತವಾದ ಬ್ಯಾರೆಟ್ ಬದಲಾವಣೆ (ಅನ್ನನಾಳದ ಒಳಪದರ ಬದಲಾಗಿ ಕ್ಯಾನ್ಸರ್ ಅಪಾಯ ಹೆಚ್ಚುವ ಸ್ಥಿತಿ), ಇವುಗಳಲ್ಲಿ ಒಂದಿದ್ದರೂ ರಿಫ್ಲಕ್ಸ್ ಸಾಬೀತಾದಂತೆ. ಎ ದರ್ಜೆ ಸಾಕ್ಷಿಯಾಗಿ ಸಾಲದು. ಮಾತ್ರೆ ನುಂಗುತ್ತಲೇ ಎಂಡೋಸ್ಕೋಪಿಗೆ ಹೋದರೆ ಹುಣ್ಣು ಮಾಗಿರುತ್ತದೆ, "ಎಲ್ಲ ನಾರ್ಮಲ್" ಎಂದು ವರದಿ ಬರುತ್ತದೆ. ಆದ್ದರಿಂದ ರಿಫ್ಲಕ್ಸ್ ಇದೆಯೇ ಎಂದು ತಿಳಿಯಲೆಂದೇ ಮಾಡುವ ಎಂಡೋಸ್ಕೋಪಿಗೆ, ವೈದ್ಯರ ಒಪ್ಪಿಗೆ ಇದ್ದರೆ, ಎರಡರಿಂದ ನಾಲ್ಕು ವಾರ ಮಾತ್ರೆ ನಿಲ್ಲಿಸಿ ಹೋಗುವುದು ಸರಿ. ನುಂಗುವಾಗ ಸಿಕ್ಕಿಕೊಳ್ಳುವುದು, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತವಾಂತಿ, ಕಪ್ಪು ಮಲ, ರಕ್ತಹೀನತೆ ಇದ್ದವರು ಮಾತ್ರ ಯಾವ ಲೆಕ್ಕಾಚಾರಕ್ಕೂ ಕಾಯದೆ ಎಂಡೋಸ್ಕೋಪಿ ಮಾಡಿಸಬೇಕು.

ಎಂಡೋಸ್ಕೋಪಿಯಲ್ಲಿ ಸಾಕ್ಷಿ ಸಿಗದಿದ್ದರೆ ಪಿಎಚ್ ಪರೀಕ್ಷೆ. ಪಿಎಚ್ ಅಂದರೆ ಹುಳಿಯ ಅಳತೆ, ಅಂಕಿ ಇಳಿದಷ್ಟೂ ಆಸಿಡ್ ಜಾಸ್ತಿ. ತೆಳುವಾದ ನಳಿಕೆಯನ್ನು ಮೂಗಿನ ಮೂಲಕ ಇಳಿಸಿ, ಕವಾಟಕ್ಕೆ 5 ಸೆಂಟಿಮೀಟರ್ ಮೇಲೆ ಸೆನ್ಸರ್ ನಿಲ್ಲಿಸಿ, 24 ಗಂಟೆ ದಾಖಲಿಸುತ್ತಾರೆ. ಇಲ್ಲವೇ ಎಂಡೋಸ್ಕೋಪಿ ಮಾಡುವಾಗ ಪುಟ್ಟ ಕ್ಯಾಪ್ಸೂಲ್ ಒಂದನ್ನು ಅನ್ನನಾಳದ ಗೋಡೆಗೆ ಅಂಟಿಸುತ್ತಾರೆ. ಅದು 96 ಗಂಟೆವರೆಗೆ ತಂತಿಯಿಲ್ಲದೆ ಸಂದೇಶ ಕಳಿಸಿ, ಆಮೇಲೆ ತಾನೇ ಉದುರಿ ಮಲದಲ್ಲಿ ಹೋಗುತ್ತದೆ. ಪಿಎಚ್ 4ಕ್ಕಿಂತ ಕೆಳಗಿದ್ದ ಹೊತ್ತು ಒಟ್ಟು ಸಮಯದಲ್ಲಿ ಶೇ. 6 ದಾಟಿದರೆ ರಿಫ್ಲಕ್ಸ್ ಖಚಿತ. ಶೇ. 4ರ ಒಳಗಿದ್ದರೆ ಸಹಜ. ನಡುವಿನದು ಅನುಮಾನದ ವಲಯ, ಬೇರೆ ಸಾಕ್ಷಿ ಬೇಕು. ದಿನಕ್ಕೆ 1440 ನಿಮಿಷ. ಅಂದರೆ ರಿಫ್ಲಕ್ಸ್ ಖಚಿತ ಅನ್ನಲು 24 ಗಂಟೆಯಲ್ಲಿ ಸುಮಾರು 86 ನಿಮಿಷಕ್ಕೂ ಹೆಚ್ಚು ಕಾಲ ಅನ್ನನಾಳ ಆಸಿಡ್ಡಿನಲ್ಲಿ ನೆನೆದಿರಬೇಕು. ಮೊದಲ ಸಲ ಸಾಬೀತುಪಡಿಸುವ ಪರೀಕ್ಷೆಯಾದರೆ ಒಂದು ವಾರ ಮುಂಚೆಯೇ ಮಾತ್ರೆ ನಿಲ್ಲಿಸಿರಬೇಕು. ಇಲ್ಲಿ ಎಡವಟ್ಟಾಗುವುದು ಹೇಗೆ ಅಂದರೆ, ಮೂಗಿನಲ್ಲಿ ನಳಿಕೆ ಇದೆ ಅಂತ ಆ ದಿನ ಅರೆಹೊಟ್ಟೆ ಉಂಡು, ರಜೆ ಹಾಕಿ, ಕುರ್ಚಿಯಲ್ಲೇ ಕೂತುಬಿಡುತ್ತಾರೆ. ಆಗ ಬರುವ ಅಂಕಿ ನಿಮ್ಮ ನಿತ್ಯದ ದಿನದ್ದಲ್ಲ. ಆ ದಿನ ಕೆಲಸಕ್ಕೆ ಹೋಗಿ, ಯಾವಾಗಲೂ ಉಣ್ಣುವುದನ್ನೇ ಉಣ್ಣಿ, ಬಗ್ಗುವ ಕೆಲಸ ಮಾಡಿ. ಉರಿ ಬಂದಾಗ ಯಂತ್ರದ ಗುಂಡಿ ಒತ್ತುವುದನ್ನು ಮರೆಯಬೇಡಿ. ಉರಿ ಬಂದ ಗಳಿಗೆಗೂ ಆಸಿಡ್ ಏರಿದ ಗಳಿಗೆಗೂ ತಾಳೆ ಬೀಳುತ್ತದೆಯೇ ಅನ್ನುವುದು ಆ ಗುಂಡಿಯಿಂದಲೇ ತಿಳಿಯಬೇಕು.

ಮೂರನೆಯದು ಮಾನೊಮೆಟ್ರಿ, ಅನ್ನನಾಳದ ಒತ್ತಡ ಅಳೆಯುವ ಪರೀಕ್ಷೆ. ಇದನ್ನು ಬಿಟ್ಟು ಆಪರೇಷನ್ನಿಗೆ ಹೋಗಬೇಡಿ. ಮೂಗಿಗೆ ಮರಗಟ್ಟಿಸುವ ಜೆಲ್ ಹಚ್ಚಿ, ಉದ್ದಕ್ಕೂ ಒತ್ತಡದ ಸೆನ್ಸರುಗಳಿರುವ ನಳಿಕೆಯನ್ನು ಜಠರದವರೆಗೆ ಇಳಿಸುತ್ತಾರೆ. 5 ಮಿಲಿಲೀಟರ್ ನೀರು, ಒಂದು ಟೀ ಚಮಚದಷ್ಟು, ಬಾಯಿಗೆ ಹಾಕುತ್ತಾರೆ. ಒಂದೇ ಸಲ ನುಂಗಬೇಕು, ಆಮೇಲೆ ಸುಮಾರು ಅರ್ಧ ನಿಮಿಷ ಉಗುಳನ್ನೂ ನುಂಗದೆ ಸುಮ್ಮನಿರಬೇಕು. ಹೀಗೆ ಹತ್ತು ಸಲ. ಆಮೇಲೆ 2 ಮಿಲಿಲೀಟರಿನಂತೆ ಬಿಡುವಿಲ್ಲದೆ ಐದು ಗುಟುಕು. ಪ್ರತಿ ಗುಟುಕಿಗೂ ಪರದೆ ಮೇಲೆ ಒತ್ತಡದ ಅಲೆಯೊಂದು ಬಣ್ಣದ ಪಟ್ಟಿಯಾಗಿ ಮೇಲಿನಿಂದ ಕೆಳಗೆ ಇಳಿಯುವುದು ಕಾಣುತ್ತದೆ. ಸರ್ಜನ್ ನೋಡುವುದು ಎರಡು ವಿಷಯ: ಆ ಅಲೆಗೆ ಬಲ ಇದೆಯಾ, ಮತ್ತು ಅಲೆ ತಲುಪುವ ಹೊತ್ತಿಗೆ ಕವಾಟ ತೆರೆಯುತ್ತಾ. ಕವಾಟ ತೆರೆಯುವುದೇ ಇಲ್ಲ ಅಂದರೆ ಅದು ಅಕಲೇಸಿಯಾ. ಉಂಡದ್ದು ಅನ್ನನಾಳದಲ್ಲೇ ನಿಂತು ಹುಳಿತು ಉರಿ ಬರುತ್ತದೆ, ಬಾಯಿಗೂ ಬರುತ್ತದೆ, ನೋಡಲು ಥೇಟ್ ರಿಫ್ಲಕ್ಸ್. ಆಪರೇಷನ್ನಿನಲ್ಲಿ ಮಾಡುವುದು ಜಠರದ ಮೇಲ್ಭಾಗವನ್ನು ಅನ್ನನಾಳದ ತುದಿಗೆ ಸುತ್ತಿ ಹೊಲಿಯುವುದನ್ನು. ಮೊದಲೇ ತೆರೆಯದ ಕವಾಟದ ಸುತ್ತ ಜಠರವನ್ನು ಬಿಗಿದರೆ ಆ ರೋಗಿಗೆ ನೀರೂ ಇಳಿಯದ ಸ್ಥಿತಿ ಬರುತ್ತದೆ. ಅಲೆ ದುರ್ಬಲ ಆಗಿದ್ದರೆ ಪೂರ್ತಿ ಸುತ್ತಿನ ಬದಲು ಅರೆಸುತ್ತು ಹಾಕುವುದು ವಾಡಿಕೆ.

ಎಲ್ಲ ಪರೀಕ್ಷೆಯೂ ಸಹಜವಾಗಿ ಬಂದು ಉರಿ ಮಾತ್ರ ಇದ್ದರೆ, ಅದು ಅನ್ನನಾಳದ ನರಗಳ ಅತಿಸೂಕ್ಷ್ಮತೆ. ರೋಗಿಯ ಕಲ್ಪನೆ ಅಲ್ಲ, ಉರಿ ನಿಜ. ಅದಕ್ಕೆ ನರದ ನೋವು ತಗ್ಗಿಸುವ ಔಷಧಗಳು ಕಡಿಮೆ ಡೋಸಿನಲ್ಲಿ ಇವೆ, ಕೆಲವು ಬಗೆಯ ಮನೋಚಿಕಿತ್ಸೆ ಇದೆ. ಆಪರೇಷನ್ ಅದಕ್ಕೆ ಮದ್ದಲ್ಲ. ಬರೀ ಒಣಕೆಮ್ಮು, ಗಂಟಲು ಕಟ್ಟುವುದು, ಗಂಟಲಲ್ಲಿ ಏನೋ ಸಿಕ್ಕಿದಂತಿರುವುದು ಇಷ್ಟೇ ಇದ್ದು ಎದೆಯುರಿ ಇಲ್ಲದವರು ಕೂಡ ಆಪರೇಷನ್ನಿನಿಂದ ಹೆಚ್ಚು ನಿರೀಕ್ಷಿಸಬಾರದು.

ಒಳಗೆ ನಡೆಯುವುದು ಏನು?

1936ರಲ್ಲಿ ರುಡಾಲ್ಫ್ ನಿಸೆನ್ ಎಂಬ ಸರ್ಜನ್ ಒಬ್ಬ ರೋಗಿಯ ಅನ್ನನಾಳದ ಜೋಡಣೆಯನ್ನು ಕಾಪಾಡಲು ಜಠರದ ಮೇಲ್ಭಾಗವನ್ನು ಅದರ ಸುತ್ತ ಹೊದಿಸಿ ಹೊಲಿದರು. ಆ ರೋಗಿಗೆ ಮುಂದೆ ರಿಫ್ಲಕ್ಸ್ ಕಾಡಲಿಲ್ಲ ಅನ್ನುವುದನ್ನು ಗಮನಿಸಿ, 1956ರಲ್ಲಿ ಇದನ್ನೇ ಚಿಕಿತ್ಸೆಯಾಗಿ ಪ್ರಕಟಿಸಿದರು. ಆಗಿನ ಸುತ್ತು ಉದ್ದವೂ ಬಿಗಿಯೂ ಆಗಿತ್ತು. ಇವತ್ತಿನದು ಗಿಡ್ಡ, ಸಡಿಲ. 1991ರಿಂದ ಇದು ಲ್ಯಾಪರೋಸ್ಕೋಪಿಯಲ್ಲಿ ಆಗುತ್ತಿದೆ.

ಪೂರ್ತಿ ಅರಿವಳಿಕೆ ಕೊಟ್ಟು, ಹೊಟ್ಟೆಯಲ್ಲಿ ಸಾಮಾನ್ಯವಾಗಿ ಐದು ಸಣ್ಣ ತೂತು ಮಾಡಿ, ಕಾರ್ಬನ್ ಡೈಆಕ್ಸೈಡ್ ತುಂಬುತ್ತಾರೆ. ಲಿವರ್‌ನ ಎಡಭಾಗವನ್ನು ಎತ್ತಿ ಹಿಡಿದರೆ ವಪೆಯ ಕಿಂಡಿ ಕಾಣುತ್ತದೆ. ಹರ್ನಿಯಾ ಇದ್ದರೆ ಅದರ ಚೀಲವನ್ನು ಬಿಡಿಸಿ ಜಠರವನ್ನು ಕೆಳಗಿಳಿಸಬೇಕು. ಅನ್ನನಾಳದ ಎರಡರಿಂದ ಮೂರು ಸೆಂಟಿಮೀಟರ್ ಎಳೆದಾಟವಿಲ್ಲದೆ ಹೊಟ್ಟೆಯೊಳಗೆ ಉಳಿಯುವಷ್ಟು ಸಡಿಲಿಸಬೇಕು. ಇಲ್ಲಿ ಅವಸರ ಮಾಡಿದರೆ ಸುತ್ತು ಮುಂದೆ ಎದೆಗೆ ಜಾರುತ್ತದೆ. ಅನ್ನನಾಳದ ಹಿಂದೆ ಮುಂದೆ ಹಾದುಹೋಗುವ ವೇಗಸ್ ನರಗಳನ್ನು ಕಾಪಾಡಿಕೊಳ್ಳಬೇಕು. ಅವಕ್ಕೆ ಪೆಟ್ಟಾದರೆ ಜಠರ ಖಾಲಿಯಾಗುವ ವೇಗವೇ ಕೆಡುತ್ತದೆ. ಅಗಲವಾದ ಕಿಂಡಿಯನ್ನು ಕರಗದ ದಾರದಿಂದ ಹೊಲಿಯುತ್ತಾರೆ. ಆಮೇಲೆ ಜಠರದ ಮೇಲ್ಭಾಗವನ್ನು ಅನ್ನನಾಳದ ಹಿಂದಿನಿಂದ ತಂದು ಮುಂದಕ್ಕೆ ಸುತ್ತುತ್ತಾರೆ. ಸುತ್ತು ಅತಿ ಬಿಗಿಯಾಗದಂತೆ ಹಲವರು ಅನ್ನನಾಳದೊಳಗೆ ಸುಮಾರು 18 ಮಿಲಿಮೀಟರ್ ದಪ್ಪದ ಮೆದು ಕೊಳವೆ ಇಳಿಸಿಟ್ಟುಕೊಂಡು ಅದರ ಮೇಲೆ ಹೊಲಿಯುತ್ತಾರೆ. ಪೂರ್ತಿ ಸುತ್ತಿನ ಉದ್ದ ಎರಡು ಸೆಂಟಿಮೀಟರ್, ಎರಡು ಮೂರು ಹೊಲಿಗೆ. 360 ಡಿಗ್ರಿ ಸುತ್ತಿದರೆ ನಿಸೆನ್, ಹಿಂದಿನಿಂದ 270 ಡಿಗ್ರಿ ಆದರೆ ಟೂಪೆ, ಮುಂದಿನಿಂದ 180 ಡಿಗ್ರಿ ಆದರೆ ಡೋರ್. ನಿಸೆನ್‌ಗೆ ಹೋಲಿಸಿದರೆ ಟೂಪೆಯಲ್ಲಿ ರಿಫ್ಲಕ್ಸ್ ತಡೆ ಹೆಚ್ಚೂ ಕಡಿಮೆ ಅಷ್ಟೇ ಇದ್ದು, ನುಂಗುವ ತೊಂದರೆ, ಗ್ಯಾಸ್ ಕಟ್ಟುವುದು ಕಡಿಮೆ. ನಮ್ಮ ಒಲವು ಬಹುಪಾಲು ರೋಗಿಗಳಿಗೆ ಟೂಪೆ ಕಡೆಗೇ.

ಮ್ಯಾಗ್ನೆಟ್ ಇರುವ ಟೈಟಾನಿಯಂ ಮಣಿಗಳ ಉಂಗುರವನ್ನು ಕವಾಟದ ಸುತ್ತ ತೊಡಿಸುವ ವಿಧಾನಕ್ಕೆ ಅಮೆರಿಕದಲ್ಲಿ 2012ರಲ್ಲಿ ಅನುಮತಿ ಸಿಕ್ಕಿತು. ತೇಗಲು ಇದರಲ್ಲಿ ಅನುಕೂಲ. ಆದರೆ ನುಂಗುವ ತೊಂದರೆ ಇದರಲ್ಲೂ ಇದೆ, ಎಂಆರ್‌ಐ ಮಾಡಿಸುವಾಗ ಯಂತ್ರದ ಶಕ್ತಿಗೆ ಮಿತಿ ಇದೆ, ಕೆಲವರಿಗೆ ತೆಗೆಸಬೇಕಾಗಿ ಬರುತ್ತದೆ. ಬಾಯಿ ಮೂಲಕವೇ ಮಾಡುವ ವಿಧಾನಗಳು ಸಣ್ಣ ಹರ್ನಿಯಾ ಇರುವವರಿಗೆ ಮಾತ್ರ ಹೊಂದುತ್ತವೆ. ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಂಕಿ) 35ಕ್ಕಿಂತ ಹೆಚ್ಚಿದ್ದವರ ಲೆಕ್ಕವೇ ಬೇರೆ: ಹೊಟ್ಟೆಯ ಒತ್ತಡಕ್ಕೆ ಸುತ್ತು ಬಾಳುವುದು ಕಷ್ಟ, ಅವರಿಗೆ ಗ್ಯಾಸ್ಟ್ರಿಕ್ ಬೈಪಾಸ್ ತೂಕಕ್ಕೂ ರಿಫ್ಲಕ್ಸಿಗೂ ಒಟ್ಟಿಗೆ ಕೆಲಸ ಮಾಡುತ್ತದೆ. ತೂಕ ಇಳಿಸಲು ಜಠರದ ಭಾಗವನ್ನು ಕತ್ತರಿಸಿ ಕಿರಿದು ಮಾಡುವ ಸ್ಲೀವ್ ಆಪರೇಷನ್ ಮಾತ್ರ ರಿಫ್ಲಕ್ಸನ್ನು ಹೆಚ್ಚಿಸಬಹುದು. ಎದೆಯುರಿ ಇರುವವರು ಇದನ್ನು ಮೊದಲೇ ಕೇಳಿಕೊಳ್ಳಬೇಕು.

ಆಮೇಲಿನ ಆರು ವಾರ

ಆಸ್ಪತ್ರೆಯಲ್ಲಿ ಒಂದೆರಡು ದಿನ. ಎಡಭುಜ ನೋಯುತ್ತದೆ, ಒಳಗೆ ಉಳಿದ ಗ್ಯಾಸ್ ವಪೆಯನ್ನು ಕೆಣಕುವುದರಿಂದ ಬರುವ ನೋವು ಅದು, ಕೆಲವು ದಿನಗಳಲ್ಲಿ ಹೋಗುತ್ತದೆ. ಹೊಲಿದ ಜಾಗ ಊದಿಕೊಳ್ಳುವುದರಿಂದ ಮೊದಮೊದಲು ನುಂಗುವುದು ಬಹುತೇಕ ಎಲ್ಲರಿಗೂ ಕಷ್ಟ. ಮೊದಲ ವಾರ ದ್ರವ, ಆಮೇಲೆ ಮೂರು ನಾಲ್ಕು ವಾರ ಅರೆದ, ಮೆತ್ತಗಿನ ಆಹಾರ. ದಿನಕ್ಕೆ ಐದಾರು ಸಲ ಸ್ವಲ್ಪಸ್ವಲ್ಪ. ಬ್ರೆಡ್ ಮತ್ತು ನಾರಿನ ಮಾಂಸ ಉಂಡೆಗಟ್ಟಿ ಸಿಕ್ಕಿಕೊಳ್ಳುತ್ತವೆ, ಕೊನೆಗೆ ಶುರುಮಾಡಿ. ಸೋಡಾದಂಥ ಪಾನೀಯ ಬೇಡ, ಸ್ಟ್ರಾ ಬೇಡ. ದೊಡ್ಡ ಮಾತ್ರೆಗಳ ಬದಲು ಸಿರಪ್ ಸಿಗುತ್ತದೆಯೇ ಎಂದು ವೈದ್ಯರನ್ನೇ ಕೇಳಿ, ಎಲ್ಲ ಮಾತ್ರೆಯನ್ನೂ ಪುಡಿಮಾಡುವ ಹಾಗಿಲ್ಲ. ನಾಲ್ಕರಿಂದ ಆರು ವಾರ 5 ಕಿಲೋಗಿಂತ ಭಾರ ಎತ್ತಬಾರದು. ವಾಕರಿಕೆ ಶುರುವಾದರೆ ಸಹಿಸಿಕೊಂಡು ಕೂರದೆ ಔಷಧ ಕೇಳಿ ಪಡೆಯಿರಿ. ಮೊದಲ ದಿನಗಳಲ್ಲಿ ಜೋರಾಗಿ ಓಕರಿಸಿದರೆ ಕಿಂಡಿಯ ಹೊಲಿಗೆ ಹರಿಯಬಹುದು. ಉಗುಳೂ ಇಳಿಯದಿರುವುದು, ಜ್ವರ, ನಾಡಿ ಓಡುವುದು, ಹೆಚ್ಚುತ್ತಲೇ ಹೋಗುವ ಎದೆನೋವು ಕಂಡರೆ ಬೆಳಗಾಗಲಿ ಅಂತ ಕಾಯಬಾರದು.

ತೇಗು ಬರದಿರುವುದು, ವಾಂತಿ ಮಾಡಲಾಗದಿರುವುದು, ಹೊಟ್ಟೆ ಉಬ್ಬರ, ಕೆಳಗಿನಿಂದ ವಾಯು ಜಾಸ್ತಿ ಹೋಗುವುದು: ಇವುಗಳನ್ನು ಯಾರೂ ಮುಚ್ಚಿಡಬಾರದು. ಬಹಳ ಮಂದಿಗೆ ತಿಂಗಳುಗಳಲ್ಲಿ ತಗ್ಗುತ್ತವೆ, ಕೆಲವರಿಗೆ ಉಳಿದುಬಿಡುತ್ತವೆ. ಈಗಾಗಲೇ ಹೊಟ್ಟೆ ಉಬ್ಬರವೇ ದೊಡ್ಡ ತೊಂದರೆ ಆಗಿರುವವರಿಗೆ, ಗಾಳಿ ನುಂಗುವ ಅಭ್ಯಾಸ ಇರುವವರಿಗೆ ಇದು ಭಾರಿಯೇ ಆಗಬಹುದು. ಅಂಥವರು ಜಠರ ಖಾಲಿಯಾಗುವ ವೇಗದ ಪರೀಕ್ಷೆಯನ್ನೂ ಮಾಡಿಸಿಕೊಳ್ಳಬೇಕು.

ಎಷ್ಟು ಕಾಲ ಬಾಳುತ್ತದೆ? ಸ್ವೀಡನ್ನಿನಲ್ಲಿ ಲ್ಯಾಪರೋಸ್ಕೋಪಿಯಲ್ಲಿ ಆಪರೇಷನ್ ಆದ 2655 ಜನರ ದಾಖಲೆ ನೋಡಿ 2017ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಶೇ. 17.7 ಮಂದಿಗೆ ರಿಫ್ಲಕ್ಸ್ ಮರುಕಳಿಸಿತ್ತು. ಅವರಲ್ಲಿ ಬಹುಪಾಲು ಮಂದಿ ಮತ್ತೆ ದೀರ್ಘಕಾಲದ ಮಾತ್ರೆಗೆ ಮರಳಿದ್ದರು, ಉಳಿದವರಿಗೆ ಮತ್ತೊಂದು ಆಪರೇಷನ್ ಆಗಿತ್ತು. ಮಾತ್ರೆಗೆ ಚೆನ್ನಾಗಿ ಸ್ಪಂದಿಸುವವರನ್ನೇ ಆಯ್ದು ಯುರೋಪಿನಲ್ಲಿ 554 ಜನರ ಮೇಲೆ ನಡೆದ ಹೋಲಿಕೆಯ ಫಲಿತಾಂಶ 2011ರಲ್ಲಿ ಬಂತು. ಐದು ವರ್ಷಕ್ಕೆ ಕಾಯಿಲೆ ಹತೋಟಿಯಲ್ಲಿದ್ದವರು ಎಸೊಮೆಪ್ರಜೋಲ್ ಕಡೆ ಶೇ. 92, ಆಪರೇಷನ್ ಕಡೆ ಶೇ. 85. ಅಂದರೆ ಮಾತ್ರೆ ಪೂರ್ತಿ ಒಗ್ಗಿರುವವರಿಗೆ ಆಪರೇಷನ್ ಅನಿವಾರ್ಯ ಅಲ್ಲ, ಅವರವರ ಇಷ್ಟದ ಪ್ರಶ್ನೆ.

ಸಭಿಕರ ಪ್ರಶ್ನೆಗಳು

ಮಾತ್ರೆಯಿಂದ ಕಿಡ್ನಿ, ಮೂಳೆ ಹಾಳಾಗುತ್ತದೆ ಅನ್ನುತ್ತಾರೆ. ಆ ಭಯಕ್ಕೆ ಆಪರೇಷನ್ ಮಾಡಿಸಬಹುದೇ?

ಆ ಭಯ ಒಂದೇ ಕಾರಣವಾಗಿದ್ದರೆ ಬೇಡ. 17,598 ಜನರಿಗೆ ಮೂರು ವರ್ಷ ಪ್ಯಾಂಟೊಪ್ರಜೋಲ್ ಅಥವಾ ಹುಸಿ ಮಾತ್ರೆ ಕೊಟ್ಟು ಹೋಲಿಸಿದ ಅಧ್ಯಯನ 2019ರಲ್ಲಿ ಬಂದಿದೆ. ಮಾತ್ರೆ ತೆಗೆದುಕೊಂಡವರಲ್ಲಿ ಸ್ಪಷ್ಟವಾಗಿ ಹೆಚ್ಚಾಗಿ ಕಂಡದ್ದು ಕರುಳಿನ ಸೋಂಕು ಮಾತ್ರ: ಶೇ. 1.4, ಹುಸಿ ಮಾತ್ರೆಯವರಲ್ಲಿ ಶೇ. 1.0. ಬೇಕಾದಷ್ಟೇ ಡೋಸ್, ಬೇಕಾದಷ್ಟೇ ಕಾಲ ಅನ್ನುವ ನಿಯಮ ಸಾಕು.

ಬ್ಯಾರೆಟ್ ಇದೆ. ಆಪರೇಷನ್ ಆದರೆ ಕ್ಯಾನ್ಸರ್ ಭಯ ಹೋಗುತ್ತದೆಯೇ?

ಹೋಗುವುದಿಲ್ಲ. ಉರಿ ಹೋದರೂ ನಿಗದಿತ ಅವಧಿಯ ಎಂಡೋಸ್ಕೋಪಿ ಮುಂದುವರಿಯಬೇಕು.

ಸರ್ಜನ್ ಹತ್ತಿರ ಏನು ಕೇಳಬೇಕು?

ವರ್ಷಕ್ಕೆ ಇಂಥ ಆಪರೇಷನ್ ಎಷ್ಟು ಮಾಡುತ್ತೀರಿ, ನನಗೆ ಪೂರ್ತಿ ಸುತ್ತೋ ಅರೆಸುತ್ತೋ, ಯಾಕೆ? ನನ್ನ ಪಿಎಚ್ ಅಂಕಿ ಎಷ್ಟು, ಮಾನೊಮೆಟ್ರಿಯಲ್ಲಿ ಏನು ಕಂಡಿತು? ನನ್ನ ತೊಂದರೆಗಳಲ್ಲಿ ಯಾವುದು ಹೋಗುತ್ತದೆ, ಯಾವುದು ಉಳಿಯಬಹುದು? ಈ ಕೊನೆಯ ಪ್ರಶ್ನೆಗೆ ಉತ್ತರವನ್ನು ಬರೆದುಕೊಳ್ಳಿ. ಮಾನೊಮೆಟ್ರಿಯೇ ಬೇಡ ಅಂದರೆ ಇನ್ನೊಬ್ಬ ಸರ್ಜನ್ ಹತ್ತಿರ ಹೋಗಿ.

ಆಪರೇಷನ್ ಆಗಿ ಎರಡು ವರ್ಷಕ್ಕೆ ಮತ್ತೆ ಉರಿ ಬಂದರೆ?

ಸುತ್ತು ಬಿಚ್ಚಿಕೊಂಡಿರಬಹುದು, ಎದೆಗೆ ಜಾರಿರಬಹುದು, ಅಥವಾ ಎರಡೂ ಆಗಿರದೆ ಉರಿಗೆ ಬೇರೆಯೇ ಕಾರಣ ಇರಬಹುದು. ಹೀಗೆ ಮತ್ತೆ ಮಾತ್ರೆ ಶುರುಮಾಡಿದವರಲ್ಲಿ ಹಲವರ ಪಿಎಚ್ ಪರೀಕ್ಷೆ ಸಹಜವಾಗಿಯೇ ಬರುತ್ತದೆ. ಆದ್ದರಿಂದ ಮೊದಲು ಎಂಡೋಸ್ಕೋಪಿ ಮತ್ತು ಬೇರಿಯಂ ದ್ರವ ಕುಡಿಸಿ ತೆಗೆಯುವ ಎಕ್ಸ್‌ರೇಯಲ್ಲಿ ಸುತ್ತು ಎಲ್ಲಿದೆ ನೋಡಬೇಕು, ಆಮೇಲೆ ಮಾತ್ರೆಯಿಲ್ಲದೆ ಪಿಎಚ್ ಪರೀಕ್ಷೆ. ಎರಡನೆಯ ಆಪರೇಷನ್ ಮೊದಲನೆಯದಕ್ಕಿಂತ ಕಷ್ಟ. ಅಂಗಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಗುಣವಾಗುವ ಪ್ರಮಾಣವೂ ಕಡಿಮೆ. ಅದಕ್ಕೆ ಇಂಥ ಮರು ಆಪರೇಷನ್ನುಗಳನ್ನು ಪದೇಪದೇ ಮಾಡುವ ಕೇಂದ್ರಕ್ಕೇ ಹೋಗಬೇಕು, ಮೊದಲ ಆಪರೇಷನ್ನಿನ ಟಿಪ್ಪಣಿಯ ಪ್ರತಿ ಕೈಯಲ್ಲಿರಬೇಕು.